59 ಅಂತ ಸುಮ್ನೆ ಹೇಳಬೇಡಿ

ಹ್ಯಾಮ್ ರೇಡಿಯೋ ಅನ್ನುವ ಹವ್ಯಾಸದಲ್ಲಿ ಗಂಡಸರನ್ನು ಓಎಂ ಅಂತ ಕರೆಯುತ್ತಾರೆ. ಓಲ್ಡ್ ಮ್ಯಾನ್. ಹದಿನಾರರ ಹುಡುಗನೂ ಓಎಂ, ಎಂಬತ್ತರ ಅಜ್ಜನೂ ಓಎಂ. ಹೆಂಗಸರಿಗೆ ವೈಎಲ್. ಯಂಗ್ ಲೇಡಿ. ಎಪ್ಪತ್ತು ದಾಟಿದ ಅಜ್ಜಿ ಮೈಕ್ ಹಿಡಿದರೂ ಯಂಗ್ ಲೇಡಿಯೇ. ಇನ್ನು ಹೆಂಡತಿಗೆ ಎಕ್ಸ್‌ವೈಎಲ್, ಅಂದರೆ ಮಾಜಿ ಯಂಗ್ ಲೇಡಿ. ಗಂಡನಿಗೆ ಅಂಥ ಬೇರೆ ಹೆಸರಿಲ್ಲ. ಮದುವೆ ಆದ ಮೇಲೂ ಅವನು ಓಎಂ. ಗಂಡಸು ಈ ಹವ್ಯಾಸಕ್ಕೆ ಕಾಲಿಟ್ಟ ದಿನವೇ ಹಿರಿಯನಾಗುತ್ತಾನೆ. ಹೆಂಗಸು ಎಷ್ಟು ವರ್ಷ ಇದ್ದರೂ ಹುಡುಗಿಯಾಗೇ ಇರುತ್ತಾಳೆ.

ಇವೆಲ್ಲ ಟೆಲಿಗ್ರಾಫ್ ಕಾಲದ ಚುಟುಕು ಮಾತುಗಳು. ಯಾರನ್ನೋ ನೋಯಿಸಬೇಕು ಅಂತ ಹುಟ್ಟಿದವಲ್ಲ. ಎಷ್ಟೋ ಹೆಂಗಸರು ವೈಎಲ್ ಅನ್ನೋದನ್ನು ಇಷ್ಟಪಟ್ಟೇ ಬಳಸುತ್ತಾರೆ. 1939ರಲ್ಲಿ ಅಮೆರಿಕದಲ್ಲಿ ಎಥೆಲ್ ಸ್ಮಿತ್ ಅನ್ನುವವರು ಹೆಂಗಸರ ಸಂಘ ಕಟ್ಟಿದಾಗ ಅದಕ್ಕಿಟ್ಟ ಹೆಸರೇ ಯಂಗ್ ಲೇಡೀಸ್ ರೇಡಿಯೋ ಲೀಗ್. ಹ್ಯಾಮ್‌ಗಳು ಮಾತು ಮುಗಿಸುವಾಗ 73 ಅಂತಾರೆ, ಅಂದರೆ ಶುಭಾಶಯ. ಹೆಂಗಸು ಅಂತ ಗೊತ್ತಾದರೆ 88 ಅಂತಾರೆ, ಅಂದರೆ ಪ್ರೀತಿ, ಮುತ್ತು. ಆ ಸಂಘದ ಹೆಂಗಸರು ತಮ್ಮತಮ್ಮಲ್ಲಿ ಹೇಳಿಕೊಳ್ಳೋಕೆ 33 ಅನ್ನುವ ಬೇರೆ ಗುರುತು ಮಾಡಿಕೊಂಡರು. ಕ್ಲಾರಾ ರೇಗರ್ ಅನ್ನುವ ಹ್ಯಾಮ್ ಶುರು ಮಾಡಿದ್ದು ಅದು. ಗುರುತು ಪರಿಚಯ ಇಲ್ಲದ ಗಂಡಸರಿಂದ ದಿನಾ ಮುತ್ತು ಬರುತ್ತಿದ್ದರೆ ನಮ್ಮದೇ ಒಂದು ನಮಸ್ಕಾರ ಇರಲಿ ಅಂತ ಯಾರಿಗಾದರೂ ಅನ್ನಿಸುತ್ತೆ ಅಲ್ವಾ.

ಹಾಗಾಗಿ ನನ್ನ ಜಗಳ ಈ ಎರಡು ಮೂರು ಅಕ್ಷರಗಳ ಜೊತೆ ಅಲ್ಲ. ಅವುಗಳ ಹಿಂದೆ ಬರುವ ಮರ್ಯಾದೆಯ ಜೊತೆ.

ಈ ಹವ್ಯಾಸ ಗೊತ್ತಿಲ್ಲದವರಿಗೆ ಎರಡು ಮಾತು. ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೋ. ಮನೆಯಲ್ಲಿ ಒಂದು ಸೆಟ್, ಮಾಳಿಗೆ ಮೇಲೆ ಒಂದು ಆಂಟೆನಾ. ಮೊಬೈಲ್ ಟವರ್ ಬೇಡ, ಇಂಟರ್ನೆಟ್ ಬೇಡ. ಬಳ್ಳಾರಿಯಿಂದ ಲಿಂಗಸುಗೂರಿಗೂ ಮಾತಾಡಬಹುದು, ಗಾಳಿ ಚೆನ್ನಾಗಿದ್ದರೆ ಇಟಲಿಗೂ ಮಾತಾಡಬಹುದು. ಗಾಳಿ ಅಂದರೆ ನಮ್ಮ ಮಾತಿನಲ್ಲಿ ಬ್ಯಾಂಡಿನ ಸ್ಥಿತಿ. ಬ್ಯಾಂಡ್ ಅಂದರೆ ನಾವು ಬಳಸುವ ರೇಡಿಯೋ ತರಂಗಗಳ ಒಂದು ಸಾಲು. ಕೇಂದ್ರ ಸರ್ಕಾರದ ಪರೀಕ್ಷೆ ಪಾಸಾಗಬೇಕು, ಲೈಸೆನ್ಸ್ ತಗೋಬೇಕು. ಹನ್ನೆರಡು ವರ್ಷ ತುಂಬಿದವರು ಯಾರು ಬೇಕಾದರೂ ಬರೆಯಬಹುದು. ರೆಸ್ಟ್ರಿಕ್ಟೆಡ್, ಜನರಲ್ ಅಂತ ಎರಡು ದರ್ಜೆ. ಜನರಲ್ ಬೇಕಿದ್ದರೆ ಚುಕ್ಕೆ, ಗೆರೆಗಳ ಮೋರ್ಸ್ ಸಂಕೇತವೂ ಬರಬೇಕು. ಪಾಸಾದವರಿಗೆ ವಿಯು ಅಂತ ಶುರುವಾಗುವ, ಗುರುತಿನ ಹೆಸರಿನಂಥ ಒಂದು ಕಾಲ್‌ಸೈನ್ ಸಿಗುತ್ತೆ. ಅದು ಇಡೀ ಜಗತ್ತಿನಲ್ಲಿ ಒಬ್ಬರಿಗೇ.

ಆ ಕಾಲ್‌ಸೈನನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಬೇಕು. ವಿ ಅಂದರೆ ವಿಕ್ಟರ್, ಯು ಅಂದರೆ ಯೂನಿಫಾರ್ಮ್. ಈ ಇಪ್ಪತ್ತಾರರ ಪಟ್ಟಿಯಲ್ಲಿ ಚಾರ್ಲಿ, ಮೈಕ್, ಆಸ್ಕರ್, ರೋಮಿಯೋ, ವಿಕ್ಟರ್ ಎಲ್ಲ ಇದ್ದಾರೆ. ಪಾಪಾ ಕೂಡ ಇದ್ದಾನೆ. ಹೆಣ್ಣು ಅಂದರೆ ಜೂಲಿಯೆಟ್ ಒಬ್ಬಳೇ.

ನನ್ನ ಲೈಸೆನ್ಸಿಗೆ ಪೊಲೀಸ್ ಪರಿಶೀಲನೆ ಆಯಿತು. ಬಂದವರು ಒಳ್ಳೆಯ ಮಾತಿನವರೇ. ಆದರೆ ಅರ್ಜಿ ನನ್ನದು, ಪ್ರಶ್ನೆಗಳೆಲ್ಲ ನನ್ನ ಮನೆಯವರಿಗೆ. 'ಇದನ್ನ ಯಾಕೆ ತಗೊಂತೀರಿ ಸರ್?' ಅಂತ ಕೇಳಿದರು. 'ನಾನು ತಗೊಳ್ತಿಲ್ಲ, ಅವಳು ತಗೊಳ್ತಿದಾಳೆ, ಅವಳನ್ನೇ ಕೇಳ್ರಿ' ಅಂದರು ನಮ್ಮವರು. ಆಗ ಬಂದವರು ನನ್ನ ಕಡೆ ತಿರುಗಿ, 'ಟೈಂಪಾಸಿಗಾ ಅಮ್ಮಾ?' ಅಂದರು.

ಬೆಳಿಗ್ಗೆ 40 ಮೀಟರ್ ಬ್ಯಾಂಡಿನಲ್ಲಿ ನಮ್ಮ ಕಡೆಯವರ ಒಂದು ನೆಟ್ ನಡೆಯುತ್ತೆ. ನೆಟ್ ಅಂದರೆ ಒಂದೇ ಫ್ರೀಕ್ವೆನ್ಸಿಯಲ್ಲಿ ಎಲ್ಲರೂ ಸೇರೋದು. ಒಬ್ಬರು ಕಂಟ್ರೋಲ್ ಮಾಡುತ್ತಾರೆ, ಒಬ್ಬೊಬ್ಬರನ್ನೇ ಕರೆಯುತ್ತಾರೆ. ಕನ್ನಡ, ನಡುವೆ ತೆಲುಗು, ಅಲ್ಲಲ್ಲಿ ಇಂಗ್ಲಿಷು. ನಾನು ಮೊದಲು ಬಂದಾಗ ಎಲ್ಲರಿಗೂ ಖುಷಿಯಾಯಿತು, ಅದು ನಿಜವಾದ ಖುಷಿ. 'ಮೇಡಂ ಬಂದಾರೆ, ಎಲ್ಲಾರೂ ದಾರಿ ಬಿಡ್ರಿ' ಅಂದರು. ಸರದಿಯಲ್ಲಿ ನನಗಿಂತ ಮೊದಲು ಕಾಯುತ್ತಿದ್ದವರನ್ನು ಬಿಟ್ಟು ನನ್ನನ್ನು ಕರೆದರು. ಆಮೇಲೆ ಪ್ರಶ್ನೆಗಳು. ಯಜಮಾನರೂ ಹ್ಯಾಮಾ? ಸೆಟ್ ಯಾರು ಹಾಕಿಕೊಟ್ಟರು? ಆಂಟೆನಾ ಯಾರು ಕಟ್ಟಿದರು? ಬೆಳಿಗ್ಗೆ ತಿಂಡಿ ಏನು? ಅದೇ ವಾರ ಸೇರಿದ ಹೊಸ ಹುಡುಗನಿಗೂ ಪ್ರಶ್ನೆ ಕೇಳಿದರು. ಯಾವ ಸೆಟ್, ಎಷ್ಟು ವಾಟ್, ಆಂಟೆನಾ ಎಷ್ಟು ಎತ್ತರ, ಕೋಆಕ್ಸ್ ಕೇಬಲ್ ಯಾವುದು? ಅವನ ತಿಂಡಿ ವಿಚಾರ ಯಾರಿಗೂ ಬೇಕಿರಲಿಲ್ಲ.

ಆಂಟೆನಾ ಕಟ್ಟಿದ್ದು ನಾನೇ. 40 ಮೀಟರ್ ಬ್ಯಾಂಡಿನ ಡೈಪೋಲ್ ಅಂದರೆ ಸುಮಾರು 20 ಮೀಟರ್ ತಂತಿ. ನಡುವೆ ಕತ್ತರಿಸಿ ಆ ಕಡೆ ಹತ್ತು, ಈ ಕಡೆ ಹತ್ತು. ಮಾಳಿಗೆ ನಡುವೆ ಪೈಪ್ ನಿಲ್ಲಿಸಿ, ಒಂದು ತುದಿಯನ್ನು ಹಿತ್ತಿಲ ಬೇವಿನ ಮರಕ್ಕೆ, ಇನ್ನೊಂದನ್ನು ನೀರಿನ ಟ್ಯಾಂಕಿನ ಕಂಬಕ್ಕೆ ನೈಲಾನ್ ಹಗ್ಗದಿಂದ ಎಳೆದು ಕಟ್ಟಿದೆ. ಏಪ್ರಿಲ್ ತಿಂಗಳು. ಬಳ್ಳಾರಿಯ ಏಪ್ರಿಲ್ ಹೇಗಿರುತ್ತೆ ಅಂತ ಹೇಳಬೇಕಿಲ್ಲ. ತಾಮ್ರದ ತಂತಿ ಕೈ ಸುಡುತ್ತಿತ್ತು. ಪಕ್ಕದ ಮನೆಯವರು, 'ನೀ ಯಾಕವ್ವ ಹತ್ತೀ, ಯಾರಾರ ಹುಡುಗರ್ನ ಕರೀಬಾರದಾ' ಅಂದರು. ಅವರ ಕಾಳಜಿಯೂ ಸುಳ್ಳಲ್ಲ. ಆದರೆ ತಂತಿ ಇಂಚು ಇಂಚು ಕತ್ತರಿಸಿ ಮೀಟರ್ ನೋಡುತ್ತಾ ಸರಿ ಜಾಗಕ್ಕೆ ತರೋದೇ ಈ ಹವ್ಯಾಸದ ಸುಖ. ಅದನ್ನು ಬೇರೆಯವರ ಕೈಗೆ ಕೊಟ್ಟರೆ ನನಗೆ ಉಳಿಯೋದು ಮೈಕ್ ಒಂದೇ.

ನಾನು ಮುಖ್ಯವಾಗಿ ಹೇಳಬೇಕಿದ್ದ ವಿಷಯ ಇಲ್ಲಿಂದ ಶುರುವಾಗುತ್ತೆ. ಹ್ಯಾಮ್‌ಗಳು ಮಾತು ಶುರು ಮಾಡುವಾಗ ಒಬ್ಬರಿಗೊಬ್ಬರು ಸಿಗ್ನಲ್ ರಿಪೋರ್ಟ್ ಕೊಡುತ್ತಾರೆ. ಎರಡು ಅಂಕಿ. ಮೊದಲನೆಯದು ಮಾತು ಎಷ್ಟು ಸ್ಪಷ್ಟ ಅಂತ, 1ರಿಂದ 5. ಎರಡನೆಯದು ಸಿಗ್ನಲ್ ಎಷ್ಟು ಜೋರು ಅಂತ, 1ರಿಂದ 9. 59 ಅಂದರೆ ಪೂರ್ತಿ ಚೆನ್ನಾಗಿದೆ. ನಮ್ಮ ಸಿಗ್ನಲ್ ಹೇಗೆ ಹೋಗುತ್ತಿದೆ ಅಂತ ನಮಗೆ ಕೇಳಿಸೋದಿಲ್ಲ. ಆ ಕಡೆಯವರು ಹೇಳಿದರೆ ಮಾತ್ರ ಗೊತ್ತು. ಅವರ ಕಿವಿಯೇ ನಮ್ಮ ಕನ್ನಡಿ.

ನನಗೆ ಯಾವಾಗಲೂ 59. ಪ್ಲಸ್ ಬೇರೆ. 'ಮೇಡಂ, ನಿಮ್ದು 59 ಪ್ಲಸ್, ಧ್ವನಿ ಬಾಳ ಇಂಪಾಗೈತಿ.' ಮಳೆಗಾಲ ಕಳೆಯುತ್ತಾ ಬಂದಾಗ ನನಗೆ ಅನುಮಾನ ಶುರುವಾಯಿತು. ದೂರದ ಸ್ಟೇಷನ್‌ಗಳು ಕರೆದರೂ ಉತ್ತರ ಕೊಡುತ್ತಿರಲಿಲ್ಲ. ಮೊದಲು ಸುಲಭವಾಗಿ ಸಿಗುತ್ತಿದ್ದವರು ಈಗ ಎರಡು ಮೂರು ಸಲ ಕೂಗಿಸಿಕೊಳ್ಳುತ್ತಿದ್ದರು. ಸೆಟ್ಟಿನ ಮೀಟರ್ ನೋಡಿದರೆ ಎಲ್ಲ ಸರಿ ಇದೆ ಅಂತ ತೋರಿಸುತ್ತಿತ್ತು. ನೆಟ್ಟಿನಲ್ಲಿ ಕೇಳಿದೆ. 'ಏನೂ ತೊಂದ್ರಿ ಇಲ್ರಿ ಮೇಡಂ, ಬೆಂಕಿ ಸಿಗ್ನಲ್' ಅಂದರು. ಒಬ್ಬರಲ್ಲ, ನಾಲ್ಕೈದು ಜನ.

ಆಮೇಲೆ ಒಂದು ಬೆಳಿಗ್ಗೆ ರಾಯಚೂರು ಕಡೆಯ ಒಬ್ಬ ಕಾಲೇಜು ಹುಡುಗ ಮಧ್ಯೆ ಬಂದ. 'ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ನಿಮ್ದು ನನಗ 43 ಅಷ್ಟ ಐತಿ. ಹೋದ ತಿಂಗಳು ಹಿಂಗಿರಲಿಲ್ಲ. ಕೇಬಲ್ ನೋಡ್ರಿ ಒಮ್ಮೆ.'

ಮಾಳಿಗೆ ಹತ್ತಿ ನೋಡಿದೆ. ಪೈಪಿನ ತುದಿಯಲ್ಲಿ ಕೇಬಲ್ ಸೇರುವ ಕಡೆ ಸುತ್ತಿದ ಕಪ್ಪು ಟೇಪು ಬಿಸಿಲಿಗೆ ಸೆಟೆದು ಬಿರುಕು ಬಿಟ್ಟಿತ್ತು. ಕನೆಕ್ಟರ್ ತಿರುಗಿಸಿ ಬಿಚ್ಚಿದರೆ ಒಳಗಿಂದ ನೀರು ತೊಟ್ಟಿಕ್ಕಿತು. ಕೇಬಲ್ಲಿನ ಸಿಪ್ಪೆ ಸುಲಿದೆ. ಒಳಗಿನ ತಾಮ್ರದ ಹೆಣಿಗೆ ಹೊಳೆಯಬೇಕಿತ್ತು, ಅದು ಕಪ್ಪಾಗಿ ಹೋಗಿತ್ತು. ಒಂದು ಗೇಣು ಕತ್ತರಿಸಿದೆ, ಅಲ್ಲೂ ಕಪ್ಪು. ಇನ್ನೊಂದು ಮೊಳ, ಅಲ್ಲೂ ಕಪ್ಪು. ಕೇಬಲ್ಲಿಗೆ ನೀರು ಇಳಿದರೆ ಪವರ್ ದಾರಿಯಲ್ಲೇ ಬಿಸಿಯಾಗಿ ಹಾಳಾಗುತ್ತೆ. ಆಂಟೆನಾದಿಂದ ವಾಪಸ್ ಬರುವ ಪವರೂ ಹಾಗೇ ಕರಗಿ ಹೋಗುತ್ತೆ. ಅದಕ್ಕೇ ಕೆಳಗಿನ ಮೀಟರ್ ಎಲ್ಲ ಸರಿ ಇದೆ ಅಂತ ತೋರಿಸುತ್ತೆ. ಮೀಟರ್ ಸುಳ್ಳು ಹೇಳುವ ಇಂಥ ಹೊತ್ತಿನಲ್ಲೇ ಮನುಷ್ಯರು ನಿಜ ಹೇಳಬೇಕಾಗಿರೋದು.

ಮನೆಗೆ ಬಂದ ಬೀಗರು ಅಡುಗೆ ಮಾಡಿದರೆ ಉಪ್ಪು ಜಾಸ್ತಿ ಆಗಿದ್ದರೂ ಯಾರೂ ಹೇಳೋದಿಲ್ಲ. ಮನೆಯವರೇ ಮಾಡಿದ್ದರೆ ಮೊದಲ ತುತ್ತಿಗೇ ಹೇಳುತ್ತಾರೆ. ಆ ನೆಟ್ಟಿನಲ್ಲಿ ನಾನು ಬೀಗರ ಕಡೆಯವಳಾಗಿದ್ದೆ. ನನಗೆ ಸಿಕ್ಕ ಮರ್ಯಾದೆಯೆಲ್ಲ ನೆಂಟರಿಗೆ ಸಿಗುವ ಮರ್ಯಾದೆ.

ಗಂಡಸರು ತಮ್ಮತಮ್ಮಲ್ಲೂ ಸುಮ್ನೆ 59 ಕೊಟ್ಟುಕೊಳ್ಳೋದುಂಟು, ಅದನ್ನೂ ಹೇಳಬೇಕು. ಸ್ಪರ್ಧೆಗಳಲ್ಲಿ ಎಲ್ಲರೂ ಎಲ್ಲರಿಗೂ 59 ಹೇಳಿ ಮುಂದೆ ಹೋಗುತ್ತಾರೆ. ಅಲ್ಲಿ ಅದು ವಾಡಿಕೆ. ಆದರೆ ಬೆಳಗಿನ ನೆಟ್ಟಿನಲ್ಲಿ ಇದೇ ಗಂಡಸರು ಒಬ್ಬರ ಆಡಿಯೋ ಬಗ್ಗೆ ಒಬ್ಬರು ಅರ್ಧ ಗಂಟೆ ಜಗಳ ಆಡುತ್ತಾರೆ. 'ನಿನ್ನ ಮೈಕ್ ಗೇನ್ ಜಾಸ್ತಿ ಆಗೈತಿ, ಕಡಿಮಿ ಮಾಡಲೇ' ಅಂತ ಬೈದುಕೊಳ್ಳುತ್ತಾರೆ. ಎಷ್ಟೋ ಜನ ಆ ಬೈಗುಳದಲ್ಲೇ ರೇಡಿಯೋ ಕಲಿತರು. ನನಗೆ ಆ ಬೈಗುಳ ಸಿಗಲಿಲ್ಲ, ಕಲಿಯುವ ಆ ದಾರಿಯೂ ಸಿಗಲಿಲ್ಲ.

ಒಂದೇ ಒಂದು ಟೀಕೆ ಮಾತ್ರ ಬರುತ್ತಿತ್ತು. 'ಲೇಡೀಸ್ ಧ್ವನಿ ಸ್ವಲ್ಪ ಕೀರಲು ಆಗುತ್ತೆ, ಬೇಸ್ ಹಾಕ್ರಿ.' ನಮ್ಮ ಸೆಟ್‌ಗಳು ಎಸ್‌ಎಸ್‌ಬಿ ಅನ್ನುವ ವಿಧಾನದಲ್ಲಿ ಮಾತಿನ ಸುಮಾರು 300ರಿಂದ 2700 ಹರ್ಟ್ಸ್ ಭಾಗವನ್ನು ಮಾತ್ರ ಕಳಿಸುತ್ತವೆ. ಬೇಸ್, ಅಂದರೆ ಧ್ವನಿಯ ದಪ್ಪ ಭಾಗ, ಎಲ್ಲರದೂ ಕತ್ತರಿಸಿ ಹೋಗುತ್ತೆ, ಗಂಡಸರದೂ ಸೇರಿ. ಮಾತು ಅರ್ಥವಾಗೋದು ಮೇಲಿನ ಭಾಗದಿಂದ, ಸ, ತ, ಕ ಇವುಗಳ ಸದ್ದಿನಿಂದ. ದೂರದ ಸ್ಟೇಷನ್ ಹಿಡಿಯಬೇಕಾದಾಗ ಗಂಡಸರೇ ಬೇಸ್ ತಗ್ಗಿಸಿ ಮಾತಾಡುತ್ತಾರೆ. ಕೇಳುವವರು ಡಯಲ್ ಸ್ವಲ್ಪ ಆಚೀಚೆ ಇಟ್ಟುಕೊಂಡರೆ ಯಾರ ಧ್ವನಿಯಾದರೂ ಕೀರಲಾಗುತ್ತೆ. ಡಯಲ್ ತಿರುಗಿಸೋದು ಬಿಟ್ಟು ಗಂಟಲು ಬದಲಾಯಿಸು ಅಂದರೆ ಹೇಗೆ?

ಜನರಲ್ ದರ್ಜೆಗೆ ಅಂತ ಮೋರ್ಸ್ ಕಲಿತೆ. ಪರೀಕ್ಷೆಗೆ ನಿಮಿಷಕ್ಕೆ 8 ಪದದ ವೇಗ ಸಾಕು. ಕಲಿತ ಮೇಲೆ ಅದೇ ಹುಚ್ಚು ಹಿಡಿಯಿತು. ಮೋರ್ಸಿನಲ್ಲಿ ಧ್ವನಿಯೇ ಇಲ್ಲ, ಬರೀ ಟುಕ್ಕು ಟಕ್ಕು. ಅಲ್ಲಿ ಎಲ್ಲರೂ ಎಲ್ಲರಿಗೂ ಓಎಂ. ಗುಡ್ ಮಾರ್ನಿಂಗ್ ಓಎಂ, ಥ್ಯಾಂಕ್ಸ್ ಓಎಂ. ನನ್ನನ್ನು ಓಎಂ ಅಂದಾಗ ಬೇಜಾರಾಗಲಿಲ್ಲ. ಯಾಕೆಂದರೆ ಅಲ್ಲಿ ಸಿಕ್ಕ ರಿಪೋರ್ಟುಗಳು ನಿಜವಾಗಿದ್ದವು. 'ನಿನ್ನ ಚುಕ್ಕೆ ತೀರಾ ಗಿಡ್ಡ ಆಗ್ತಿದೆ ಓಎಂ' ಅಂತ ತಮಿಳುನಾಡಿನ ಹಿರಿಯರೊಬ್ಬರು ಹೇಳಿದರು. ಮೂರು ನಿಮಿಷ ಒಳ್ಳೆಯ ಪಾಠ ಹೇಳಿದರು. ಆಮೇಲೆ ನನ್ನ ಹೆಸರು ಕಳಿಸಿದೆ. ಒಂದು ಕ್ಷಣ ಸುಮ್ಮನಾದರು. ಆಮೇಲೆ 'ಸಾರಿ ವೈಎಲ್, ಫೈನ್ ಕೀಯಿಂಗ್, 88' ಅಂತ ಬಂತು. ಪಾಠ ಅಲ್ಲಿಗೆ ನಿಂತಿತು. ಎರಡು ನಿಮಿಷದ ಹಿಂದೆ ಗಿಡ್ಡವಾಗಿದ್ದ ಚುಕ್ಕೆ ಹೆಸರು ಗೊತ್ತಾದ ಮೇಲೆ ಸರಿಹೋಯಿತು!

ಹೆಂಗಸರಿಗೆ ತಾಂತ್ರಿಕ ಆಸಕ್ತಿ ಇರಲ್ಲ, ಅದಕ್ಕೇ ಬರಲ್ಲ ಅಂತ ಕ್ಲಬ್ಬುಗಳಲ್ಲಿ ಹೇಳೋದುಂಟು. ಆಸಕ್ತಿಯ ಮಾತಿಗಿಂತ ಮೊದಲು ಗಡಿಯಾರ ನೋಡಿ. ದೂರದ ದೇಶಗಳು ಸಿಗೋಕೆ ಒಳ್ಳೆಯ ಹೊತ್ತು ಸೂರ್ಯ ಹುಟ್ಟುವಾಗ ಮತ್ತು ಮುಳುಗುವಾಗ. ಹಗಲು ರಾತ್ರಿ ಸೇರುವ ಆ ಗೆರೆಯ ಮೇಲೆ ಇರುವ ಊರುಗಳ ನಡುವೆ ಸಿಗ್ನಲ್ ಚೆನ್ನಾಗಿ ಓಡುತ್ತೆ. ನೆಟ್‌ಗಳೂ ಬೆಳಿಗ್ಗೆಯೇ. ನಮ್ಮ ಕಡೆ ಮನೆಗಳಲ್ಲಿ ಆ ಎರಡು ಹೊತ್ತಿಗೆ ಹೆಂಗಸರು ಎಲ್ಲಿರುತ್ತಾರೆ? ಒಲೆ ಮುಂದೆ. ಒಂದು ಕಡೆ ರೊಟ್ಟಿ, ಒಂದು ಕಡೆ ಪಲ್ಯ, ಮಕ್ಕಳ ಡಬ್ಬಿ. 'ಎಕ್ಸ್‌ವೈಎಲ್ ಉಪ್ಪಿಟ್ಟು ರೆಡಿ ಅಂತ ಕರೀತಿದಾಳೆ, 73' ಅಂತ ಹೇಳಿ ಗಂಡಸರು ನೆಟ್ಟಿನಿಂದ ಎದ್ದು ಹೋಗುತ್ತಾರೆ. ಆ ಎಕ್ಸ್‌ವೈಎಲ್‌ಗೆ ರೇಡಿಯೋ ಇಷ್ಟವೋ ಇಲ್ಲವೋ ಯಾರು ಕೇಳಿದ್ದಾರೆ? ನಮ್ಮ ಮನೆಯಲ್ಲಿ ಬೆಳಗಿನ ರೊಟ್ಟಿ ಈಗ ನಮ್ಮವರದು. ಅದಕ್ಕೇ ನಾನು ನೆಟ್ಟಿಗೆ ಬರೋಕಾಗುತ್ತೆ. ಇದರಲ್ಲಿ ನನ್ನ ಪ್ರತಿಭೆಗಿಂತ ಅವರ ಲಟ್ಟಣಿಗೆಯ ಪಾಲು ಜಾಸ್ತಿ.

ಆಸಕ್ತಿ ಇಲ್ಲ ಅನ್ನುವವರಿಗೆ ನಾನು ಭಾರತಿ ಪ್ರಸಾದ್ ಅವರ ಕಥೆ ಹೇಳುತ್ತೇನೆ. ಅಂಡಮಾನಿನಿಂದ ಹ್ಯಾಮ್ ರೇಡಿಯೋಗೆ ಬಹಳ ವರ್ಷ ಅನುಮತಿ ಇರಲಿಲ್ಲ. ಅವರು ಪಟ್ಟು ಹಿಡಿದು ಅನುಮತಿ ತಂದರು. 2004ರ ಡಿಸೆಂಬರ್‌ನಲ್ಲಿ ತಂಡ ಕಟ್ಟಿಕೊಂಡು ಪೋರ್ಟ್ ಬ್ಲೇರ್‌ಗೆ ಹೋಗಿ ಹೋಟೆಲ್ಲಿನಲ್ಲಿ ಸ್ಟೇಷನ್ ಹಾಕಿದರು. ಕಾಲ್‌ಸೈನ್ ವಿಯು4ಆರ್‌ಬಿಐ. ಜಗತ್ತಿನ ಹ್ಯಾಮ್‌ಗಳೆಲ್ಲ ಆ ಸ್ಟೇಷನ್ನಿಗೆ ಮುಗಿಬಿದ್ದರು. ಡಿಸೆಂಬರ್ 26ರ ಬೆಳಿಗ್ಗೆ ಭೂಕಂಪ, ಹಿಂದೆಯೇ ಸುನಾಮಿ. ಫೋನ್‌ಗಳು ಸತ್ತವು. ಅವರು ಹವ್ಯಾಸ ಬದಿಗಿಟ್ಟು ಅದೇ ಸೆಟ್ಟಿನಿಂದ ತುರ್ತು ಸಂದೇಶ ಕಳಿಸೋಕೆ ಕೂತರು. ದ್ವೀಪದಲ್ಲಿದ್ದವರು ಬದುಕಿದ್ದಾರೆ ಅನ್ನುವ ಸುದ್ದಿ ಎಷ್ಟೋ ಮನೆಗಳಿಗೆ ಹೀಗೆ ತಲುಪಿತು.

ಇನ್ನೂ ಹಿಂದೆ ಹೋಗಬಹುದು. 1942ರ ಚಲೇಜಾವ್ ಚಳವಳಿಯಲ್ಲಿ ಮುಂಬೈಯಲ್ಲಿ ಗುಟ್ಟಾಗಿ ಕಾಂಗ್ರೆಸ್ ರೇಡಿಯೋ ನಡೆಸಿದ್ದು ಉಷಾ ಮೆಹ್ತಾ ಮತ್ತು ಅವರ ಗೆಳೆಯರು. ಸಿಕ್ಕಿಬಿದ್ದು ಜೈಲು ಕಂಡರು. ನಾವು ಹೈದರಾಲಿ ಹಿಡಿದ ಕೋಟೆಯ ಊರಿನವರು. ಅವನ ಮಗ ಟಿಪ್ಪುವಿನ ವಂಶದ ನೂರ್ ಇನಾಯತ್ ಖಾನ್ 1943ರಲ್ಲಿ ಜರ್ಮನರ ಕೈಯಲ್ಲಿದ್ದ ಪ್ಯಾರಿಸಿನಲ್ಲಿ ಬ್ರಿಟಿಷರ ಪರವಾಗಿ ಗುಪ್ತ ವೈರ್‌ಲೆಸ್ ಆಪರೇಟರ್ ಆಗಿದ್ದರು. ಜೊತೆಯವರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರೂ ಮನೆಯಿಂದ ಮನೆಗೆ ಸೆಟ್ ಹೊತ್ತುಕೊಂಡು ಸಂದೇಶ ಕಳಿಸುತ್ತಲೇ ಇದ್ದರು. ಕೊನೆಗೆ 1944ರಲ್ಲಿ ಡಾಖೌ ಶಿಬಿರದಲ್ಲಿ ಅವರನ್ನು ಕೊಂದರು.

ನಮ್ಮೂರಿಗೇ ಸೇರಿದ ಇನ್ನೊಂದು ಸಂಗತಿ ಇದೆ. 1999ರ ಲೋಕಸಭೆ ಚುನಾವಣೆಯನ್ನು ಬಳ್ಳಾರಿಯವರು ಮರೆತಿಲ್ಲ. ಸೋನಿಯಾ ಗಾಂಧಿ ಎದುರು ಸುಷ್ಮಾ ಸ್ವರಾಜ್. ದೇಶವೇ ನಮ್ಮೂರ ಕಡೆ ನೋಡಿತ್ತು. ಗೆದ್ದ ಸೋನಿಯಾ ಅವರ ಹೆಸರಿನಲ್ಲಿ ಒಂದು ಹ್ಯಾಮ್ ಕಾಲ್‌ಸೈನ್ ಇತ್ತು, ವಿಯು2ಎಸ್‌ಒಎನ್. ರಾಜಕೀಯ ಯಾರದು ಏನೇ ಇರಲಿ, ಇದನ್ನು ಹೇಳಿದಾಗಲೆಲ್ಲ ನನಗೆ ಬರುವ ಉತ್ತರ ಒಂದೇ: 'ಗಂಡ ಹ್ಯಾಮ್ ಆಗಿದ್ರಲ್ಲ, ಅದಕ್ಕೇ.' ರಾಜೀವ್ ಗಾಂಧಿ ಹ್ಯಾಮ್ ಆಗಿದ್ದು ನಿಜ. ಆದರೆ ಯಾವ ಗಂಡಸಿನ ಲೈಸೆನ್ಸಿಗೂ ನಾವು ಹೀಗೆ ಕಾರಣ ಹುಡುಕೋದಿಲ್ಲ. ಅಪ್ಪನಿಂದ ರೇಡಿಯೋ ಕಲಿತ ಮಗನಿಗೆ 'ಮನೆತನದ ವಿದ್ಯೆ' ಅಂತಾರೆ.

ಸಂಡೂರಿನ ಗುಡ್ಡದ ಮೇಲೆ ಒಮ್ಮೆ ಫೀಲ್ಡ್ ಡೇ ಮಾಡಿದ್ದೆವು. ಬ್ಯಾಟರಿ, ಟೆಂಟು, ಆಂಟೆನಾ ಎಲ್ಲ ಹೊತ್ತುಕೊಂಡು ಹೋಗಿ ಬಯಲಲ್ಲೇ ಸ್ಟೇಷನ್ ಹಾಕೋದು. ಇಬ್ಬರು ಹೆಂಗಸರಿದ್ದೆವು. ಇಬ್ಬರಿಗೂ ಲಾಗ್ ಬರೆಯುವ ಕೆಲಸ, ಅಂದರೆ ಯಾರ ಜೊತೆ ಮಾತಾಯಿತು ಅಂತ ಬರೆದಿಡೋದು. ನಿಮ್ಮ ಅಕ್ಷರ ದುಂಡಗಿರುತ್ತೆ ಅಂದರು. ಮಧ್ಯಾಹ್ನ ಹತ್ತು ನಿಮಿಷ ಮೈಕ್ ಕೊಟ್ಟರು. ಆಗ ಫೋಟೋ ತೆಗೆದರು. ಮರುದಿನ ಹಂಚಿಕೊಂಡ ಫೋಟೋಗಳಲ್ಲಿ ನಾವೇ ಎಲ್ಲರಿಗಿಂತ ಮುಂದೆ ಇದ್ದೆವು.

ಫೋಟೋ ಅಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಕಾಲ್‌ಸೈನ್ ಹುಡುಕಿದರೆ ಹ್ಯಾಮ್‌ಗಳ ಹೆಸರು, ಮನೆ ವಿಳಾಸ ಸಿಗುವ ಪಟ್ಟಿಗಳಿವೆ. ಗಂಡಸರಿಗೆ ಅದು, ಮಾತಾಡಿದ್ದಕ್ಕೆ ಗುರುತಾಗಿ ಅಂಚೆಯಲ್ಲಿ ಕಳಿಸುವ ಕ್ಯೂಎಸ್‌ಎಲ್ ಕಾರ್ಡ್ ಬರುವ ವಿಳಾಸ. ಒಬ್ಬಳೇ ಇರುವ ಹೆಣ್ಣುಮಗಳಿಗೆ ಅದು ಬೇರೆ ಲೆಕ್ಕ. ಗಾಳಿಯಲ್ಲಿ ಒಮ್ಮೆ ಮಾತಾಡಿದವರು ಫೋನ್ ನಂಬರ್ ಕೇಳುತ್ತಾರೆ, ರಾತ್ರಿ ಹತ್ತರ ಮೇಲೆ ಮೆಸೇಜು ಹಾಕುತ್ತಾರೆ. ನನಗೆ ಗೊತ್ತಿರುವ ಒಬ್ಬ ಹುಡುಗಿ ಇದೇ ಕಾರಣಕ್ಕೆ ಸೆಟ್ ಮುಚ್ಚಿಟ್ಟಳು. ಅವಳ ಕೈ ನನ್ನ ಕೈಗಿಂತ ಚುರುಕಾಗಿತ್ತು. ಈಗ ಅವಳಿಲ್ಲದ ನೆಟ್ಟಿನಲ್ಲಿ 'ಹೆಣ್ಣುಮಕ್ಕಳು ಯಾಕೋ ಬರಲ್ಲ' ಅಂತ ಮಾತಾಡಿಕೊಳ್ಳುತ್ತಾರೆ. ನನಗೆ ಹೊಟ್ಟೆ ಉರಿಯುತ್ತೆ.

ಕೇಬಲ್ ಬದಲಾಯಿಸಿದ ಮೇಲೆ ನೆಟ್ ಕಂಟ್ರೋಲ್ ಮಾಡುವ ಹಿರಿಯರಿಗೆ ಫೋನ್ ಮಾಡಿದೆ. 'ಸರ್, ನನಗೆ ಸರಿಯಾದ ರಿಪೋರ್ಟ್ ಕೊಡ್ರಿ' ಅಂದೆ.

'ಅಲ್ಲಮ್ಮಾ, ನಿಮ್ಮನ್ನ ಬ್ಯಾಸರ ಮಾಡಬಾರದು ಅಂತ...'

'43ಕ್ಕೆ ಬ್ಯಾಸರ ಇಲ್ರಿ ಸರ್. ಕೇಬಲ್ಲಿಗೆ ನೀರು ಇಳಿದಿದ್ದು ಗೊತ್ತಾಗದೇ ಹೋದ್ರೆ ಬ್ಯಾಸರ. ಇನ್ನೊಂದು, ನನ್ನ ಸರದಿ ಬಂದಾಗ ಕರೀರಿ. ಮೊದಲೇ ಬ್ಯಾಡ. ಕಾಲ್‌ಸೈನ್ ಹಿಡಿದೇ ಕರೀರಿ.'

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಯ್ತು ಅಂದರು. ಅವರು ದೊಡ್ಡ ಮನಸ್ಸಿನವರು. ಈಗ ಎಲ್ಲರನ್ನೂ ಕಾಲ್‌ಸೈನ್ ಹಿಡಿದೇ ಕರೆಯುತ್ತಾರೆ. ಗಂಡು ಹೆಣ್ಣು ಅಂತ ಭೇದ ಮಾಡದೆ ಬಂದರು, ಹೇಳಿದರು, ಕೇಳುತ್ತಿದ್ದಾರೆ ಅಂತಲೇ ಮಾತಾಡುತ್ತಾರೆ. ಒಂದಿಬ್ಬರಿಗೆ ಇದು ಹಿಡಿಸಿಲ್ಲ. 'ಮೊದಲಿನ ಆತ್ಮೀಯತೆ ಹೋಯಿತು' ಅಂತ ಅವರ ದೂರು. ಒಬ್ಬರು ನೆಟ್ಟಿಗೆ ಬರೋದನ್ನೇ ಬಿಟ್ಟಿದ್ದಾರೆ. ಅವರು ವಾಪಸ್ ಬರಲಿ ಅಂತ ನನಗೂ ಆಸೆ ಇದೆ, ಅವರಷ್ಟು ಚೆನ್ನಾಗಿ ಪವರ್ ಸಪ್ಲೈ ರಿಪೇರಿ ಮಾಡುವವರು ನಮ್ಮಲ್ಲಿ ಇಲ್ಲ.

ಮೊನ್ನೆ ಸಿರುಗುಪ್ಪ ಕಡೆಯ ಒಬ್ಬ ಹುಡುಗಿ ಹೊಸ ಲೈಸೆನ್ಸ್ ಹಿಡಿದು ನೆಟ್ಟಿಗೆ ಬಂದಳು. ಯಾರೋ, 'ಅಪ್ಪಾರೂ ಹ್ಯಾಮಾ ತಂಗಿ?' ಅಂತ ಶುರು ಮಾಡಿದರು. ಹಿರಿಯರು ಅವರನ್ನು ತಡೆದು, 'ಅದು ಆಮ್ಯಾಲೆ. ನಿಮ್ದು ಇಲ್ಲಿ 46, ಆಡಿಯೋದಾಗ ಹಮ್ ಬರಾಕತ್ತೈತಿ, ಗುಯ್ಯ್ ಅಂತ' ಅಂದರು. ಹುಡುಗಿ ಸಪ್ಪಗಾಗಲಿಲ್ಲ. 'ಯಾವುದರಿಂದ ಬರಬಹುದು ಸರ್?' ಅಂತ ಕೇಳಿದಳು. ಅಷ್ಟೇ ಸಾಕಾಯಿತು. ಒಬ್ಬರು ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ ಅಂದರು, ಒಬ್ಬರು ಅರ್ತಿಂಗ್ ಸರಿಯಿಲ್ಲ ಅಂದರು, ನಾನು ಮೈಕ್ ಕೇಬಲ್ಲಿನ ಶೀಲ್ಡ್ ಬಿಟ್ಟಿರಬಹುದು ಅಂದೆ. ಮೂವರೂ ಬಿಟ್ಟುಕೊಡಲಿಲ್ಲ, ನೆಟ್ ಲಂಬಿಸಿತು. ಹಮ್ ಇನ್ನೂ ಹೋಗಿಲ್ಲ. ಬರುವ ಭಾನುವಾರ ಅವಳು ಪವರ್ ಸಪ್ಲೈ ಬಿಟ್ಟು ಬ್ಯಾಟರಿ ಮೇಲೆ ಸೆಟ್ ಹಾಕಿ ನೋಡುತ್ತಾಳಂತೆ. ಹಮ್ ನಿಂತರೆ ನಾನು ಸೋತ ಹಾಗೆ.